ಮೊದಲು ಹೆಸರು, ಆಮೇಲೆ ಸ್ಕ್ಯಾನರ್

ಪ್ರಶ್ನೆ: ನಮ್ಮದು ದೊಡ್ಡ ಕುಟುಂಬ. ಅಜ್ಜಿಗೆ ಏಳು ಜನ ಮಕ್ಕಳು. ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ಸೇರಿದರೆ ಅರವತ್ತು ಜನ ದಾಟುತ್ತೇವೆ. ಎಲ್ಲರೂ ಒಂದೊಂದು ಕಡೆ ಇದ್ದೇವೆ. ಅಜ್ಜಿಗೆ ಈಗ 88 ವರ್ಷ. ಹಳೇ ಫೋಟೊಗಳು ಎಲ್ಲರ ಮನೆಯಲ್ಲೂ ಸ್ವಲ್ಪ ಸ್ವಲ್ಪ ಹಂಚಿಹೋಗಿವೆ. ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಯಾರಾದರೂ ಒಂದು ಫೋಟೊ ಹಾಕಿದರೆ ಎಲ್ಲರೂ ಖುಷಿಪಡುತ್ತಾರೆ. ಎರಡು ದಿನ ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ಎಲ್ಲವನ್ನೂ ಒಂದು ಕಡೆ ಸೇರಿಸಿ, ಎಲ್ಲರಿಗೂ ಸಿಗುವ ಹಾಗೆ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಯಾವ ಥರದ ಸ್ಕ್ಯಾನರ್ ಬೇಕು? ನಮ್ಮ ದೊಡ್ಡಪ್ಪ ತಮ್ಮ ಹತ್ತಿರ ಇರುವ ಆಲ್ಬಂ ಯಾರ ಕೈಗೂ ಕೊಡುವುದಿಲ್ಲ. ಅವರನ್ನು ಹೇಗೆ ಒಪ್ಪಿಸಲಿ? ಇನ್ನೊಂದು ವಿಷಯ. ತಾತ ಹುಡುಗರಾಗಿದ್ದಾಗಿನ ಒಂದೇ ಒಂದು ಫೋಟೊ ಇದೆ, ಅದು ಫ್ರೇಮಿನ ಗಾಜಿಗೆ ಅಂಟಿಕೊಂಡುಬಿಟ್ಟಿದೆ. ಬಿಡಿಸಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು 88 ಅನ್ನುವ ಅಂಕಿಯ ಮೇಲೆ. ಸ್ಕ್ಯಾನರ್ ಮಾತು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಅದು ಮುಂದಿನ ತಿಂಗಳೂ ಸಿಗುತ್ತದೆ. ಒಣಗಿದ ಜಾಗದಲ್ಲಿ ಇಟ್ಟ ಕಪ್ಪು-ಬಿಳುಪು ಫೋಟೊ ಇನ್ನೂ ಐವತ್ತು ವರ್ಷ ಆರಾಮಾಗಿ ಇರುತ್ತದೆ. ಆದರೆ ಆ ಫೋಟೊದಲ್ಲಿ ಇರುವವರು ಯಾರು ಅನ್ನುವುದು ಎಷ್ಟೋ ಸಲ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ನಿಮ್ಮ ಮನೆಯಲ್ಲಿ ಆ ಒಬ್ಬರು ಅಜ್ಜಿ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ಒಂದು ಗ್ರೂಪ್ ಫೋಟೊ ಇದೆ. ಹದಿನಾಲ್ಕು ಜನ, ಮೂರು ಸಾಲು. ಎಷ್ಟು ಚೆನ್ನಾಗಿ ಬಂದಿದೆ ಅಂದರೆ ಅಂಗಿಯ ಗುಂಡಿ ಎಣಿಸಬಹುದು. ನಡುವಿನ ಸಾಲಿನಲ್ಲಿ ಐದಾರು ವರ್ಷದ ಒಂದು ಹುಡುಗಿ ನಮ್ಮಜ್ಜಿಯ ತೋಳಿಗೆ ಒರಗಿ ನಿಂತಿದ್ದಾಳೆ. ಬಲಗೈಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಿದ್ದಾಳೆ, ಏನು ಅಂತ ಗೊತ್ತಾಗುವುದಿಲ್ಲ. ಅಜ್ಜಿಯ ಕೈ ಅವಳ ತಲೆಯ ಮೇಲಿದೆ. ಅಷ್ಟು ಹತ್ತಿರದ ಮಗು. ಯಾರ ಮಗು? ಇವತ್ತು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ದೊಡ್ಡಮ್ಮ ಇದ್ದಿದ್ದರೆ ಒಂದು ಕ್ಷಣದಲ್ಲಿ ಹೇಳುತ್ತಿದ್ದರು. ಅವರು ಇದ್ದಾಗ ಆ ಫೋಟೊ ಎಷ್ಟೋ ಸಲ ಕೈಗೆ ಬಂದಿತ್ತು, ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹಳೇ ಫೋಟೊಗಳ ಕೆಲಸ ಮಾಡುತ್ತಾ ಇಷ್ಟು ವರ್ಷ ಆದ ಮೇಲೂ ಆ ಹುಡುಗಿಯ ಮುಖ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಾಗಾಗಿ ಈ ವಾರವೇ ಮಾಡಬೇಕಾದ್ದು ಇಷ್ಟು. ಅಜ್ಜಿ ಹರೆಯದಲ್ಲಿದ್ದ ಕಾಲದ ಇಪ್ಪತ್ತು ಫೋಟೊ ಆರಿಸಿ. ಬೇರೆ ಮನೆಗಳಲ್ಲಿ ಇರುವುದನ್ನು ಫೋನಿನಲ್ಲೇ ತೆಗೆದು ಕಳಿಸಲು ಹೇಳಿ, ಈಗಿನ ಮಟ್ಟಿಗೆ ಗುಣಮಟ್ಟ ಮುಖ್ಯ ಅಲ್ಲ. ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ರತಿಯೊಂದಕ್ಕೂ ಒಂದು ನಂಬರ್ ಕೊಡಿ. ಫೋನಿನ ಪರದೆಯಲ್ಲಿ ತೋರಿಸಬೇಡಿ. ವಯಸ್ಸಾದವರಿಗೆ ಪರದೆಯ ಹೊಳಪು ಕಷ್ಟ, ಕೈ ತಾಗಿದರೆ ಫೋಟೊ ಸರಿದುಹೋಗುತ್ತದೆ, ಅವರಿಗೆ ಗಾಬರಿ ಆಗುತ್ತದೆ. ಕಾಗದ ಆದರೆ ಕೈಯಲ್ಲಿ ಹಿಡಿದು, ಹತ್ತಿರ ತಂದು, ಬೆಳಕಿಗೆ ತಿರುಗಿಸಿ ನೋಡುತ್ತಾರೆ.

ಹರೆಯದ ಕಾಲದ್ದು ಅಂತ ಸುಮ್ನೆ ಹೇಳಲಿಲ್ಲ. ವಯಸ್ಸಾದವರಿಗೆ ಸುಮಾರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಬೇರೆಲ್ಲಕ್ಕಿಂತ ಜಾಸ್ತಿ ಇರುತ್ತವೆ ಅನ್ನುವುದು ನೆನಪಿನ ಬಗ್ಗೆ ಕೆಲಸ ಮಾಡುವವರು ಮತ್ತೆ ಮತ್ತೆ ಕಂಡುಕೊಂಡ ವಿಷಯ. ಮೊಮ್ಮಕ್ಕಳ ಹುಟ್ಟುಹಬ್ಬದ ಫೋಟೊ ತೋರಿಸಿ ‘ಇದು ಯಾವ ವರ್ಷ?’ ಅಂತ ಕೇಳಿದರೆ ಅಜ್ಜಿ ತಡವರಿಸಬಹುದು. ಅವರು ಹದಿನೇಳರಲ್ಲಿ ಇದ್ದಾಗ ಪಕ್ಕದಲ್ಲಿ ನಿಂತಿದ್ದ ಗೆಳತಿಯ ಹೆಸರು ತಟ್ಟನೆ ಬರಬಹುದು.

ಹೇಗೆ ಕೇಳುತ್ತೀರಿ ಅನ್ನುವುದೂ ಮುಖ್ಯ. ಫೋಟೊ ಕೈಗೆ ಕೊಟ್ಟ ತಕ್ಷಣ ‘ಇವರು ಯಾರು, ಅವರು ಯಾರು?’ ಅಂತ ಶುರು ಮಾಡಬೇಡಿ. ಅದು ಪರೀಕ್ಷೆ ಬರೆಸಿದ ಹಾಗೆ. ಸುಮ್ಮನೆ ಕೊಟ್ಟು ಕಾಯಿರಿ. ಒಂದು ನಿಮಿಷ ಕಾಯುವುದು ತುಂಬಾ ಉದ್ದ ಅನ್ನಿಸುತ್ತದೆ, ಆದರೂ ಕಾಯಿರಿ. ಆಮೇಲೆ ‘ಇಲ್ಲಿ ಏನು ನಡೀತಾ ಇತ್ತು ಅಜ್ಜಿ?’ ಅಂತ ಕೇಳಿ. ಒಮ್ಮೆ ಒಬ್ಬ ಹಿರಿಯರ ಜೊತೆ ಹೀಗೇ ಕೂತಿದ್ದೆ. ಮೂರು ಜನ ಹುಡುಗರು ಸೈಕಲ್ ಪಕ್ಕ ನಿಂತ ಫೋಟೊ. ಮುಖಗಳ ಮೇಲೆ ಹೆಬ್ಬೆರಳು ಆಡಿಸಿದರು, ತಲೆ ಅಲ್ಲಾಡಿಸಿದರು, ಗೊತ್ತಾಗಲಿಲ್ಲ ಅಂದರು. ನಾನು ಫೋಟೊ ವಾಪಸ್ ತಗೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಬೆರಳು ಸೈಕಲ್ಲಿನ ಹ್ಯಾಂಡಲ್ ಮೇಲೆ ನಿಂತಿತು. ‘ಬೆಲ್ ಇಲ್ಲ ನೋಡಿ’ ಅಂದರು. ಬೆಲ್ ಯಾಕೆ ಇರಲಿಲ್ಲ, ಅದನ್ನು ಕಳಚಿದ್ದು ಯಾರು, ಆ ದಿನ ಮನೆಗೆ ಹೋದಾಗ ಯಾರಿಗೆ ಏಟು ಬಿತ್ತು, ಎಲ್ಲ ಒಂದೊಂದಾಗಿ ಬಂತು. ಏಟು ತಿಂದವನ ಹೆಸರಿನ ಹಿಂದೆಯೇ ಉಳಿದಿಬ್ಬರ ಹೆಸರೂ ಬಂತು. ನಲವತ್ತು ನಿಮಿಷ ಮಾತಾಡಿದರು.

ಇದು ನಾನೊಬ್ಬನೇ ಕಂಡದ್ದಲ್ಲ. 1957ರಲ್ಲಿ ಜಾನ್ ಕಾಲಿಯರ್ ಅನ್ನುವ ಫೋಟೊಗ್ರಾಫರ್, ಜನಜೀವನದ ಅಧ್ಯಯನಕ್ಕೆ ಫೋಟೊ ಬಳಸುವುದರ ಬಗ್ಗೆ ಬರೆದರು. ಕೆನಡಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಅವರ ತಂಡ ಬರೀ ಪ್ರಶ್ನೆ ಕೇಳಿ ಒಮ್ಮೆ, ಫೋಟೊ ತೋರಿಸಿ ಒಮ್ಮೆ ಜನರ ಜೊತೆ ಮಾತಾಡಿತ್ತು. ಫೋಟೊ ಮುಂದಿದ್ದಾಗ ಜನ ಹೆಚ್ಚು ಹೊತ್ತು ಮಾತಾಡಿದರು, ಖಚಿತವಾದ ವಿವರ ಕೊಟ್ಟರು, ಬೇಗ ದಣಿಯಲಿಲ್ಲ. ಇದ್ದ ಒಂದು ವ್ಯತ್ಯಾಸ ಅಂದರೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವ ಬದಲು ಇಬ್ಬರೂ ಫೋಟೊ ನೋಡುತ್ತಾರೆ. ಅಜ್ಜಿಯ ಪಕ್ಕದಲ್ಲಿ ಕೂರಿ, ಎದುರಿಗೆ ಬೇಡ.

ಫೋನಿನ ರೆಕಾರ್ಡರ್ ಆನ್ ಮಾಡುವ ಮೊದಲು ಅಜ್ಜಿಯನ್ನು ಕೇಳಿ, ಒಪ್ಪಿದರೆ ಮಾತ್ರ. ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಫೋನನ್ನು ಬಟ್ಟೆಯ ಮೇಲಿಡಿ, ಬರೀ ಮೇಜಿನ ಮೇಲಿಟ್ಟರೆ ಕಟಕಟ ಸದ್ದೆಲ್ಲ ಸೇರಿಕೊಳ್ಳುತ್ತದೆ. ಪ್ರತಿ ಫೋಟೊ ಕೈಗೆ ಕೊಡುವಾಗ ಅದರ ನಂಬರನ್ನು ಗಟ್ಟಿಯಾಗಿ ಹೇಳಿ. ‘ನಂಬರ್ ಏಳು.’ ಇದನ್ನು ಮರೆತು ಎರಡು ಗಂಟೆ ರೆಕಾರ್ಡ್ ಮಾಡಿದವರನ್ನು ನೋಡಿದ್ದೇನೆ. ಆಮೇಲೆ ಕೇಳಿದರೆ ‘ಇವಳು ನೋಡು, ಇವಳೇ ಅವಳು’ ಅಂತ ಅಜ್ಜಿಯ ದನಿ ಇರುತ್ತದೆ, ಯಾರ ಬಗ್ಗೆ ಅಂತ ಗೊತ್ತಾಗುವುದಿಲ್ಲ. ಅವರು ಬೆರಳು ತೋರಿಸಿದಾಗ ನೀವು ಬಾಯಲ್ಲಿ ಹೇಳಬೇಕು: ‘ಹಿಂದಿನ ಸಾಲು, ನಾವು ನೋಡುವಾಗ ಎಡಗಡೆಯಿಂದ ಮೂರನೆಯವರು.’ ನಾವು ನೋಡುವಾಗ ಅನ್ನುವ ಮಾತು ಬಿಡಬೇಡಿ. ಫೋಟೊದಲ್ಲಿರುವವರ ಎಡಗೈ ಕಡೆ ಅಂತ ಒಬ್ಬರು, ನೋಡುವವರ ಎಡ ಅಂತ ಇನ್ನೊಬ್ಬರು ಬರೆದು ಇಡೀ ಸಾಲು ತಿರುಗುಮುರುಗು ಆಗಿರುವುದು ಎಷ್ಟೋ ಇದೆ.

ಹೆಸರು ಬರೆಯುವುದರಲ್ಲಿ ನಮ್ಮ ಭಾಷೆಯದೇ ಒಂದು ತೊಡಕಿದೆ. ಫೋಟೊದ ಹಿಂದೆ ‘ಅತ್ತೆ ಮತ್ತು ಚಿಕ್ಕಪ್ಪ’ ಅಂತ ಬರೆದಿರುತ್ತದೆ. ಯಾರ ಅತ್ತೆ? ಬರೆದವರ ಅಪ್ಪನ ತಂಗಿಯೋ, ಸೋದರಮಾವನ ಹೆಂಡತಿಯೋ, ಗಂಡನ ತಾಯಿಯೋ? ಬರೆದವರು ಯಾರು ಅಂತ ಗೊತ್ತಿಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ. ಅದಕ್ಕೆ ಎಲ್ಲ ಸಂಬಂಧವನ್ನೂ ಒಬ್ಬರಿಂದಲೇ ಅಳೆಯಿರಿ. ನಿಮ್ಮಲ್ಲಿ ಅಜ್ಜಿಯಿಂದ. ‘ಅಜ್ಜಿಯ ಎರಡನೇ ತಮ್ಮ’, ‘ಅಜ್ಜಿಯ ಮೂರನೇ ಮಗಳ ಗಂಡ’ ಅಂತ. ಜೊತೆಗೆ ಪೂರ್ತಿ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಎರಡೂ ಇರಲಿ. ಮನೆಯಲ್ಲಿ ‘ಪುಟ್ಟಿ’ ಅಂತ ಕರೆಸಿಕೊಂಡವರ ನಿಜವಾದ ಹೆಸರು ಮೊಮ್ಮಕ್ಕಳಿಗೇ ಗೊತ್ತಿರುವುದಿಲ್ಲ. ಒಂದೇ ಮನೆಯಲ್ಲಿ ಮೂರು ಜನ ಪುಟ್ಟಿಯರೂ ಇರುತ್ತಾರೆ.

ಅರ್ಧ ಗಂಟೆಗೆ ನಿಲ್ಲಿಸಿ. ಅವರು ಇನ್ನೂ ಹೇಳುತ್ತೇನೆ ಅಂದರೆ ಸರಿ. ಒಂದು ದಿನಕ್ಕೆ ಆರೇಳು ಫೋಟೊ ಆದರೆ ಅದೇ ಜಾಸ್ತಿ. ತೀರಿಹೋದ ಮಗುವೋ ತಮ್ಮನೋ ಕಣ್ಣಿಗೆ ಬಿದ್ದು ಅಜ್ಜಿ ಅತ್ತರೆ, ರೆಕಾರ್ಡರ್ ಆರಿಸಿ, ಕೈ ಹಿಡಿದುಕೊಂಡು ಕೂತಿರಿ. ಫೋಟೊದ ಕೆಲಸ ಆ ದಿನಕ್ಕೆ ಮುಗಿಯಿತು. ಇನ್ನು, ಅಜ್ಜಿ ಹೇಳಿದ್ದಕ್ಕೂ ದೊಡ್ಡಪ್ಪ ಹೇಳಿದ್ದಕ್ಕೂ ತಾಳೆ ಆಗದಿದ್ದರೆ ಅಲ್ಲೇ ತಿದ್ದಲು ಹೋಗಬೇಡಿ. ಯಾರು ಏನು ಹೇಳಿದರು ಅಂತ ಎರಡನ್ನೂ ಬರೆದಿಡಿ. ಮುಂದೊಂದು ದಿನ ಮೂರನೆಯ ಫೋಟೊ ಸಿಕ್ಕಿ ಸರಿಯಾದದ್ದು ಯಾವುದು ಅಂತ ಗೊತ್ತಾಗುತ್ತದೆ, ಹೀಗೆ ಆದದ್ದು ನಾನು ಕಂಡಿದ್ದೇನೆ.

ಈಗ ದೊಡ್ಡಪ್ಪನ ವಿಷಯ. ಅವರ ಮೇಲೆ ನನಗೆ ಬೇಸರ ಇಲ್ಲ, ಅವರ ಜಾಗದಲ್ಲಿ ನಿಂತು ನೋಡಿ. ‘ನೋಡಿ ಕೊಡ್ತೀನಿ’ ಅಂತ ತಗೊಂಡುಹೋದ ಆಲ್ಬಂ ವಾಪಸ್ ಬಂದಾಗ ನಡುವೆ ಎರಡು ಫೋಟೊ ಇಲ್ಲ, ಬರೀ ನಾಲ್ಕು ಮೂಲೆಯ ಅಂಟಿನ ಗುರುತು ಇದೆ, ಇಂಥದ್ದು ಯಾವಾಗಲೋ ಒಮ್ಮೆ ಆಗಿರಬಹುದು. ಆಲ್ಬಂ ಇಷ್ಟು ವರ್ಷ ಉಳಿದಿರುವುದೇ ಅವರು ಯಾರಿಗೂ ಕೊಡದೆ ಕಾಪಾಡಿಕೊಂಡಿದ್ದಕ್ಕೆ ಅಲ್ವಾ? ಹಾಗಾಗಿ ಆಲ್ಬಂ ಕೇಳಬೇಡಿ. ನೀವೇ ಅವರ ಮನೆಗೆ ಹೋಗಿ, ಅವರ ಕಣ್ಣ ಮುಂದೆಯೇ ಕಾಪಿ ಮಾಡಿ. ಪುಟ ಅವರೇ ತಿರುಗಿಸಲಿ. ಇಡೀ ಕುಟುಂಬಕ್ಕೆ ಮೊದಲೇ ಒಂದು ಮಾತು ಹೇಳಿಬಿಡಿ: ಮೂಲ ಫೋಟೊ ಯಾರ ಮನೆಯಲ್ಲಿದೆಯೋ ಅಲ್ಲೇ ಇರುತ್ತದೆ, ಓಡಾಡುವುದು ಕಾಪಿ ಮಾತ್ರ. ಈ ಒಂದು ಮಾತಿನಿಂದ ಎಷ್ಟೋ ಬಾಗಿಲು ತೆರೆಯುತ್ತವೆ. ಹೋದ ದಿನವೇ ದೊಡ್ಡಪ್ಪನ ದನಿಯನ್ನೂ ರೆಕಾರ್ಡ್ ಮಾಡಿಕೊಳ್ಳಿ. ಆಲ್ಬಂ ಜೋಡಿಸಿದವರು ಅವರಾದರೆ, ಯಾವ ಫೋಟೊದ ಪಕ್ಕ ಯಾವುದನ್ನು ಯಾಕೆ ಇಟ್ಟರು ಅನ್ನುವುದು ಅವರಿಗೇ ಗೊತ್ತು.

ಅದಕ್ಕೇ ಒಂದೊಂದು ಫೋಟೊ ಮುಟ್ಟುವ ಮೊದಲು ಆಲ್ಬಮ್ಮಿನ ಪ್ರತಿ ಪುಟವನ್ನೂ ಇಡಿಯಾಗಿ ಒಮ್ಮೆ ತೆಗೆದುಕೊಳ್ಳಿ, ರಟ್ಟು ಸಮೇತ. ಜೋಡಿಸಿದ ಕ್ರಮವೇ ಒಂದು ಮಾಹಿತಿ. ಒಂದೇ ಪುಟದಲ್ಲಿ ಇರುವ ನಾಲ್ಕು ಫೋಟೊ ಒಂದೇ ದಿನದ್ದು ಆಗಿರಬಹುದು. ಮೇಲೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಅಂಟಿನ ಗೆರೆ ಇರುವ ಆಲ್ಬಂ ಇದೆಯಲ್ಲ, 1970ರ ದಶಕದಿಂದ ಮನೆಮನೆಗೂ ಬಂದದ್ದು, ಅದು ಫೋಟೊಗಳಿಗೆ ಒಳ್ಳೆಯದಲ್ಲ. ಆ ಅಂಟು ವರ್ಷ ಕಳೆದ ಹಾಗೆ ಹಳದಿಯಾಗಿ ಗಟ್ಟಿಯಾಗುತ್ತದೆ, ಫೋಟೊವನ್ನು ಕಚ್ಚಿಕೊಳ್ಳುತ್ತದೆ. ಎಳೆದು ತೆಗೆಯಬೇಡಿ. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರ ಸಿಗುತ್ತದಲ್ಲ, ಅದನ್ನು ಫೋಟೊದ ಕೆಳಗೆ ತೂರಿಸಿ ಗರಗಸದ ಹಾಗೆ ನಿಧಾನಕ್ಕೆ ಆಡಿಸಿದರೆ ಎಷ್ಟೋ ಸಲ ಬಿಡುತ್ತದೆ. ಬಿಡದಿದ್ದರೆ ಹಟ ಬೇಡ. ಪುಟದ ಸಮೇತ ಸ್ಕ್ಯಾನ್ ಮಾಡಿ.

ಸ್ಕ್ಯಾನರ್ ಬಗ್ಗೆ ಕೇಳಿದ್ದೀರಿ. ಗಾಜಿನ ಮೇಲೆ ಫೋಟೊ ಮಲಗಿಸಿ ಮುಚ್ಚಳ ಹಾಕುವ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ಹಾಳೆಯನ್ನು ಒಳಗೆ ಎಳೆದುಕೊಳ್ಳುವ ಥರದ್ದು ಹಳೇ ಫೋಟೊಗಳಿಗೆ ಬೇಡ, ಮಡಿಸಿದ ಮೂಲೆ ಸಿಕ್ಕಿಕೊಂಡರೆ ಹರಿಯುತ್ತದೆ. ಮಾಮೂಲಿ ಸೈಜಿನ ಫೋಟೊಗೆ 600 ಡಿಪಿಐ ಇಡಿ, ಅಂದರೆ ಒಂದು ಇಂಚಿಗೆ 600 ಚುಕ್ಕೆ. ಆರಿಂಚು-ನಾಲ್ಕಿಂಚಿನ ಫೋಟೊ 600ರಲ್ಲಿ 3600 × 2400 ಚುಕ್ಕೆ ಆಗುತ್ತದೆ, ಅಂದರೆ ಅದನ್ನು ಎರಡರಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೂ ಚೆನ್ನಾಗಿರುತ್ತದೆ. ಪಾಸ್‌ಪೋರ್ಟ್ ಸೈಜಿನ ಚಿಕ್ಕವಕ್ಕೆ 1200. ಕಪ್ಪು-ಬಿಳುಪು ಫೋಟೊವನ್ನೂ ಬಣ್ಣದ ಸೆಟ್ಟಿಂಗ್‌ನಲ್ಲೇ ಸ್ಕ್ಯಾನ್ ಮಾಡಿ, ಕಾಗದದ ಬಣ್ಣ, ಕಲೆ ಎಲ್ಲ ಸಿಗುತ್ತದೆ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಮರೆಯದೆ ಸ್ಕ್ಯಾನ್ ಮಾಡಿ. ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿದರೆ ಸಾಕು, ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ.

ಯಾರ ಮನೆಯಲ್ಲಾದರೂ ನೆಗೆಟಿವ್ ಇವೆಯಾ ಅಂತ ಕೇಳಿ. ಪ್ರಿಂಟ್ ಇಟ್ಟುಕೊಂಡು ನೆಗೆಟಿವ್ ಎಸೆಯುವವರೇ ಜಾಸ್ತಿ. ಆದರೆ ಮೂಲ ಅದೇ, ಪ್ರಿಂಟಿನಲ್ಲಿ ಇಲ್ಲದ ವಿವರ ಅದರಲ್ಲಿರುತ್ತದೆ. ಮಾಮೂಲಿ 35 ಎಂಎಂ ನೆಗೆಟಿವ್‌ನ ಒಂದು ಚೌಕಟ್ಟು ಬರೀ 36 × 24 ಮಿಲಿಮೀಟರ್, ಹಾಗಾಗಿ 2400 ಡಿಪಿಐಗಿಂತ ಕಡಿಮೆ ಮಾಡಿದರೆ ಉಪಯೋಗ ಇಲ್ಲ. ಡಬ್ಬಿ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮ್ ಕೆಡಲು ಶುರುವಾಗಿದೆ ಅಂತ ಅರ್ಥ. ಅದರಿಂದ ಬರುವ ಆಮ್ಲ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಬೇರೆ ಇಟ್ಟು, ಅವನ್ನೇ ಮೊದಲು ಸ್ಕ್ಯಾನ್ ಮಾಡಿಸಿ.

ಪ್ರಿಂಟುಗಳಲ್ಲಿ ಅವಸರ ಇರುವುದು ಬಣ್ಣದವಕ್ಕೆ. ತುಂಬಾ ಜನ ಹಳೆಯವು ಅಂತ ಕಪ್ಪು-ಬಿಳುಪನ್ನು ಮೊದಲು ಹಿಡಿಯುತ್ತಾರೆ. ಕಪ್ಪು-ಬಿಳುಪು ಚಿತ್ರ ಆಗಿರುವುದು ಬೆಳ್ಳಿಯ ಕಣಗಳಿಂದ, ಅದು ಗಟ್ಟಿ. ಬಣ್ಣದ ಚಿತ್ರ ಆಗಿರುವುದು ಬಣ್ಣದ ರಸಾಯನಗಳಿಂದ, ಅವು ತಾವಾಗಿಯೇ ಮಾಸುತ್ತವೆ. 1970ರ ದಶಕದ ಎಷ್ಟೋ ಬಣ್ಣದ ಫೋಟೊಗಳು ಆಲ್ಬಮ್ಮಿನ ಒಳಗೆ ಕತ್ತಲಲ್ಲೇ ಇದ್ದರೂ ಕೆಂಪಗಾಗಿವೆ, ನೀಲಿ-ಹಸಿರು ಮಾಸಿದ್ದಕ್ಕೆ. ನಿಮ್ಮಮ್ಮನ ಮದುವೆ ಫೋಟೊ ತಾತನ ಫೋಟೊಗಿಂತ ಮೊದಲು ಹೋಗಬಹುದು.

ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಮುಂದೆ ಅಕ್ಷರ ಉಬ್ಬಿ ಕಾಣುತ್ತದೆ. ಹಳೇ ಕಾಗದದ ಫೋಟೊಗೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ನಂಬರ್ ಮಾತ್ರ. ಹಿಂಬದಿ ಪ್ಲಾಸ್ಟಿಕ್ಕಿನ ಹಾಗೆ ನುಣುಪಾಗಿದ್ದರೆ ಪೆನ್ಸಿಲ್ ನಿಲ್ಲುವುದಿಲ್ಲ, ಕಾಗದದ ಲಕೋಟೆಯ ಮೇಲೆ ಮೊದಲು ಬರೆದು ಆಮೇಲೆ ಫೋಟೊ ಒಳಗಿಡಿ. ಉಳಿದ ವಿವರವೆಲ್ಲ ಒಂದು ಪುಸ್ತಕದಲ್ಲಿ, ಅದೇ ನಂಬರಿನ ಎದುರು. ಫೈಲಿನ ಹೆಸರಿನಲ್ಲೂ ಅದೇ ನಂಬರ್, ಮುಂದೆ ವರ್ಷ. ವರ್ಷ ಖಚಿತ ಇಲ್ಲದಿದ್ದರೆ ‘1960ರ ದಶಕ’ ಅಂತಲೇ ಹಾಕಿ, ಊಹೆಯನ್ನು ಖಚಿತ ಅನ್ನುವ ಹಾಗೆ ಬರೆಯಬೇಡಿ. ಒಂದು ಚಿಕ್ಕ ತೊಂದರೆ ಎಲ್ಲರಿಗೂ ಆಗುತ್ತದೆ: ಸ್ಕ್ಯಾನ್ ಮಾಡಿದ ಫೋಟೊಗಳೆಲ್ಲ ಇವತ್ತಿನ ತಾರೀಕಿನಲ್ಲಿ ಬಂದು ಕೂರುತ್ತವೆ. ಗೂಗಲ್ ಫೋಟೋಸ್‌ನಂಥ ಕಡೆ ತಾರೀಕು ಬದಲಿಸಬಹುದು, ಬದಲಿಸಿ. ಇಲ್ಲದಿದ್ದರೆ ತಾತನ ಬಾಲ್ಯ ಮತ್ತು ಮೊನ್ನೆಯ ಪ್ರವಾಸ ಒಂದರ ಪಕ್ಕ ಒಂದು ಬರುತ್ತವೆ.

ಹಂಚುವ ವಿಷಯಕ್ಕೆ ಬಂದರೆ, ವಾಟ್ಸ್ಆ್ಯಪ್ ಗ್ರೂಪ್ ಮಾತಿಗೆ ಒಳ್ಳೆಯ ಜಾಗ, ಕಾಪಾಡುವುದಕ್ಕೆ ಅಲ್ಲ. ಮಾಮೂಲಿಯಾಗಿ ಕಳಿಸಿದರೆ ಅದು ಫೋಟೊವನ್ನು ಚಿಕ್ಕದು ಮಾಡುತ್ತದೆ, ಫೈಲಿನೊಳಗೆ ಬರೆದ ತಾರೀಕು, ವಿವರವನ್ನೂ ತೆಗೆದುಹಾಕುತ್ತದೆ. 2023ರಲ್ಲಿ ಎಚ್‌ಡಿ ಆಯ್ಕೆ ಬಂತು, ಅದೂ ಪೂರ್ತಿ ಮೂಲ ಅಲ್ಲ. ಮೂಲವೇ ಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು. ಗ್ರೂಪ್‌ನಲ್ಲಿ ನೂರು ಫೋಟೊ ಒಟ್ಟಿಗೆ ಸುರಿಯಬೇಡಿ, ಯಾರೂ ನೋಡುವುದಿಲ್ಲ. ವಾರಕ್ಕೆ ಒಂದು ಹಾಕಿ, ಜೊತೆಗೆ ಒಂದು ಪ್ರಶ್ನೆ. ‘ನಂಬರ್ 43. ಬಲಗಡೆ ನಿಂತವರು ಯಾರು? ಹಿಂದೆ ಕಾಣುವ ಮನೆ ಯಾವುದು?’ ಅಂತ. ಆಮೇಲೆ ನೋಡಿ, ಅಲ್ಲಿಯವರೆಗೆ ಒಂದು ಮಾತೂ ಬರೆಯದ ಸೋದರತ್ತೆ ಒಂದು ಪುಟ ಬರೆಯುತ್ತಾರೆ. ಬಂದ ಉತ್ತರಗಳನ್ನು ಅದೇ ದಿನ ನಿಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳಿ.

ಎಲ್ಲರೂ ನೋಡುವ ಜಾಗಕ್ಕೆ ಯಾವುದಾದರೂ ಒಂದು ಶೇರ್ಡ್ ಆಲ್ಬಂ ಸಾಕು. ಒಂದು ಫೋಟೊ 5 ಎಂಬಿ ಅಂದುಕೊಂಡರೂ 2000 ಫೋಟೊಗೆ 10 ಜಿಬಿ. ಗೂಗಲ್ ಖಾತೆಯ ಜೊತೆ ಬರುವ ಉಚಿತ 15 ಜಿಬಿಯಲ್ಲಿ ಹಿಡಿಯುತ್ತದೆ, ಆದರೆ ಅದರಲ್ಲೇ ನಿಮ್ಮ ಮೇಲ್ ಕೂಡ ಸೇರಿದೆ ಅನ್ನುವುದು ನೆನಪಿರಲಿ. ಇದಕ್ಕಿಂತ ಮುಖ್ಯವಾದ ಮಾತು, ಒಬ್ಬರ ಖಾತೆಯನ್ನೇ ನಂಬಿ ಕೂರಬೇಡಿ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ನಿಯಮ ಗೂಗಲ್‌ನಲ್ಲಿದೆ. ನಿಮಗೇನಾದರೂ ಆದರೆ ಇಡೀ ಕುಟುಂಬದ ಫೋಟೊ ನಿಮ್ಮ ಪಾಸ್‌ವರ್ಡಿನ ಹಿಂದೆ ಉಳಿದುಬಿಡುತ್ತದೆ. ಮುಂದಿನ ತಲೆಮಾರಿನ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಎಲ್ಲದರ ಒಂದು ಕಾಪಿ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇನ್ನೊಬ್ಬರ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಆನ್‌ಲೈನ್‌ನಲ್ಲಿ. ಅಜ್ಜಿಯ ದನಿಯ ರೆಕಾರ್ಡಿಂಗ್‌ಗೂ ಇದೇ ವ್ಯವಸ್ಥೆ ಇರಲಿ. ಫೋನಿನಲ್ಲೇ ಬಿಟ್ಟರೆ ಫೋನ್ ಹಾಳಾದ ದಿನ ಅದೂ ಹೋಯಿತು.

ಫೋನ್ ಬಳಸದ ಹಿರಿಯರನ್ನು ಬಿಟ್ಟು ಹಂಚಿದರೆ ಅದು ಹಂಚಿದ್ದೇ ಅಲ್ಲ. ಇಪ್ಪತ್ತು ಪುಟದ ಒಂದು ಪುಸ್ತಕ ಪ್ರಿಂಟ್ ಹಾಕಿಸಿ, ಕೆಳಗೆ ಹೆಸರುಗಳು ದೊಡ್ಡ ಅಕ್ಷರದಲ್ಲಿರಲಿ. ಮೊದಲ ಪ್ರತಿ ಅಜ್ಜಿಗೆ, ಎರಡನೆಯದು ದೊಡ್ಡಪ್ಪನಿಗೆ.

ಇನ್ನು ನೀವು ಕೇಳದೆ ಇದ್ದರೂ ನಾನು ಹೇಳಲೇಬೇಕಾದ ಮಾತು. ಎಲ್ಲ ಫೋಟೊವೂ ಎಲ್ಲರಿಗೂ ಅಲ್ಲ. ದೊಡ್ಡ ಕುಟುಂಬ ಅಂದ ಮೇಲೆ ಮುರಿದ ಮದುವೆ, ಚಿಕ್ಕ ವಯಸ್ಸಿನಲ್ಲಿ ಹೋದ ಮಗು, ಮಾತು ಬಿಟ್ಟ ಅಣ್ಣತಮ್ಮಂದಿರು ಎಲ್ಲ ಇರುತ್ತಾರೆ. ನಿಮಗೆ ಅದು ಒಂದು ಚಂದದ ಹಳೇ ಫೋಟೊ. ಗ್ರೂಪ್‌ನಲ್ಲಿ ಕೂತ ಒಬ್ಬರಿಗೆ ಅದು ಆರಿದ ಗಾಯವನ್ನು ಕೆರೆದ ಹಾಗೆ. ಒಂದು ಮನೆಯಲ್ಲಿ ಹೀಗಾಯಿತು. ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಹಳೇ ಮದುವೆ ಫೋಟೊಗಳನ್ನೆಲ್ಲ ಗ್ರೂಪ್‌ಗೆ ಹಾಕಿದ. ಅದರಲ್ಲಿ ಅವನ ಚಿಕ್ಕಮ್ಮನ ಮೊದಲ ಮದುವೆಯದ್ದೂ ಇತ್ತು. ಆಕೆಯ ಮಕ್ಕಳು ಅದನ್ನು ಮೊದಲ ಸಲ ನೋಡಿದ್ದು ಅಲ್ಲೇ. ಆಕೆ ಗ್ರೂಪ್ ಬಿಟ್ಟರು, ಆಮೇಲೆ ಆ ಮನೆಯಲ್ಲಿ ಫೋಟೊಗಳ ಮಾತೇ ನಿಂತುಹೋಯಿತು.

ಹಾಗಂತ ಆ ಫೋಟೊಗಳನ್ನು ಹರಿಯಬೇಕಾಗಿಲ್ಲ. ಬಿಟ್ಟುಹೋದ ಅಳಿಯನನ್ನು ಕತ್ತರಿಸಿ ತೆಗೆದ ಫೋಟೊಗಳನ್ನು ನೋಡಿದ್ದೇನೆ, ಭುಜದ ಮೇಲೆ ಯಾರದೋ ಕೈ ಮಾತ್ರ ಉಳಿದಿರುತ್ತದೆ. ಆ ಕೈಯನ್ನು ನೋಡುವುದು ಇಡೀ ಮನುಷ್ಯನನ್ನು ನೋಡುವುದಕ್ಕಿಂತ ಕಷ್ಟ. ಸ್ಕ್ಯಾನ್ ಮಾಡಿ, ಹೆಸರು ಬರೆಯಿರಿ, ಬೇರೆ ಫೋಲ್ಡರಿನಲ್ಲಿ ಇಡಿ, ಗ್ರೂಪ್‌ಗೆ ಹಾಕಬೇಡಿ. ಯಾರಿಗೆ ನೋವಾಗಬಹುದೋ ಅವರಿಗೇ ಫೋನ್ ಮಾಡಿ ಕೇಳಿ. ‘ಬೇಡ’ ಅಂದರೆ ಅಲ್ಲಿಗೆ ಮುಗಿಯಿತು, ಕಾರಣ ಕೇಳಬೇಡಿ. ಮಕ್ಕಳು ಬಟ್ಟೆ ಇಲ್ಲದೆ ಇರುವ ಫೋಟೊ, ಆಸ್ಪತ್ರೆಯ ಫೋಟೊ, ಗುರುತಿನ ಚೀಟಿ, ಇವು ಹಂಚುವ ಆಲ್ಬಂಗೆ ಬೇಡವೇ ಬೇಡ. ಲಿಂಕ್ ಸಿಕ್ಕಿದವರೆಲ್ಲ ನೋಡಬಹುದು ಅನ್ನುವ ಸೆಟ್ಟಿಂಗ್ ಇದ್ದರೆ ಅದನ್ನು ತೆಗೆದು, ಹೆಸರು ಸೇರಿಸಿದವರು ಮಾತ್ರ ನೋಡುವ ಹಾಗೆ ಮಾಡಿ.

ಮಾಸಿದ ಫೋಟೊಗೆ ಬಣ್ಣ ತುಂಬುವ, ಮುಖವನ್ನು ಸ್ಪಷ್ಟ ಮಾಡುವ ಆ್ಯಪ್‌ಗಳು ಈಗ ಎಲ್ಲರ ಫೋನಿನಲ್ಲೂ ಇವೆ. ನಿಮ್ಮಲ್ಲೂ ಯಾರಾದರೂ ಮಾಡುತ್ತಾರೆ. ನನಗೆ ಇದರ ಬಗ್ಗೆ ಭಯ ಇದೆ, ಕಾರಣ ಹೇಳುತ್ತೇನೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಜನರ ಬಾಲ್ಯದ ಫೋಟೊಗಳನ್ನು ಅವರ ಮನೆಯವರಿಂದ ತರಿಸಿಕೊಂಡು, ಅವರು ಚಿಕ್ಕವರಿದ್ದಾಗ ಬಿಸಿಗಾಳಿಯ ಬಲೂನಿನಲ್ಲಿ ಹಾರಿದ ಹಾಗೆ ಒಂದು ಸುಳ್ಳು ಫೋಟೊ ಮಾಡಿದರು. ಅವರ್ಯಾರೂ ಬಲೂನ್ ಹತ್ತಿರಲಿಲ್ಲ. ಮೂರು ಸಲ ಕೂರಿಸಿ ಕೇಳುವ ಹೊತ್ತಿಗೆ ಅರ್ಧದಷ್ಟು ಜನ ಆ ಹಾರಾಟ ಸ್ವಲ್ಪವೋ ಪೂರ್ತಿಯೋ ನೆನಪಿದೆ ಅಂದರು. ಫೋಟೊಗೆ ಅಷ್ಟು ಶಕ್ತಿ ಇದೆ. ಆ್ಯಪ್ ಹಾಕುವ ಸೀರೆಯ ಬಣ್ಣ ಅದರ ಊಹೆ. ಮಸುಕಾದ ಮುಖಕ್ಕೆ ಅದು ಕೊಡುವ ಕಣ್ಣು, ಹಲ್ಲು ಕೂಡ ಊಹೆಯೇ, ಅದು ನಿಮ್ಮ ತಾತನದ್ದಲ್ಲ. ಆಸೆಗೆ ಮಾಡಿಕೊಳ್ಳಿ, ಆದರೆ ಫೈಲಿನ ಹೆಸರಿನಲ್ಲೇ ‘ಬಣ್ಣ ಆ್ಯಪ್ ತುಂಬಿದ್ದು’ ಅಂತ ಬರೆದಿಡಿ, ಮೂಲವನ್ನು ಪಕ್ಕದಲ್ಲೇ ಇಡಿ. ಅಜ್ಜಿಯ ಕೈಗೆ ಕೊಡುವುದು ಮಾತ್ರ ಯಾವಾಗಲೂ ಆ್ಯಪ್ ಮುಟ್ಟದ ಚಿತ್ರವನ್ನೇ.

ಕೊನೆಗೆ, ಗಾಜಿಗೆ ಅಂಟಿದ ಫೋಟೊ. ದಯವಿಟ್ಟು ಬಿಡಿಸಬೇಡಿ. ಫೋಟೊದ ಮೇಲೆ ಜೆಲಾಟಿನ್ ಅನ್ನುವ ತೆಳುವಾದ ಪದರ ಇರುತ್ತದೆ, ಚಿತ್ರ ಇರುವುದೇ ಅದರಲ್ಲಿ. ತೇವ ತಾಗಿದಾಗ ಅದು ಮೆತ್ತಗಾಗಿ ಗಾಜನ್ನು ಹಿಡಿದುಕೊಂಡಿದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ತಾತನ ಮುಖ ಗಾಜಿನ ಮೇಲೆ ಉಳಿಯುತ್ತದೆ. ನೀರಿನಲ್ಲಿ ನೆನೆಸಿ, ಫ್ರಿಜ್‌ನಲ್ಲಿ ಇಡಿ ಅಂತೆಲ್ಲ ಹೇಳುವವರು ಸಿಗುತ್ತಾರೆ. ಒಂದೇ ಒಂದು ಫೋಟೊ ಇರುವಾಗ ಅದ್ಯಾವುದೂ ಬೇಡ.

ಗಾಜಿನ ಸಮೇತವೇ ಕಾಪಿ ಮಾಡಬಹುದು. ಹಿಂದಿನ ರಟ್ಟು, ಮೊಳೆ ಬಿಡಿಸಿ ಫ್ರೇಮಿನಿಂದ ಗಾಜು ಮತ್ತು ಫೋಟೊವನ್ನು ಒಟ್ಟಿಗೆ ಹೊರಗೆ ತೆಗೆಯಿರಿ, ಗಾಜಿಗೆ ಬಿರುಕಿದ್ದರೆ ಅದೂ ಬೇಡ. ಗಾಜಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ ಸ್ಕ್ಯಾನರ್ ಮೇಲೆ ಗಾಜು ಕೆಳಗೆ ಬರುವ ಹಾಗೆ ಮಲಗಿಸಿ ನೋಡಿ. ತೆಳುವಾದ ಹಗುರ ಸ್ಕ್ಯಾನರ್‌ಗಳಲ್ಲಿ ಎಷ್ಟೋ ಸಲ ಚಿತ್ರ ಮಸುಕಾಗುತ್ತದೆ, ತನ್ನ ಗಾಜಿನಿಂದ ಸ್ವಲ್ಪ ಮೇಲಿದ್ದರೂ ಅವಕ್ಕೆ ಸ್ಪಷ್ಟವಾಗಿ ಕಾಣುವುದಿಲ್ಲ. ಸ್ವಲ್ಪ ದಪ್ಪನೆಯ ಸಿಸಿಡಿ ಅನ್ನುವ ಥರದವು ಇದನ್ನು ಚೆನ್ನಾಗಿ ಮಾಡುತ್ತವೆ. ಅದು ಸಿಗದಿದ್ದರೆ ಕ್ಯಾಮೆರಾ ಸಾಕು. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಕಡೆ ಫೋಟೊವನ್ನು ನೇರವಾಗಿ ನಿಲ್ಲಿಸಿ, ಫ್ಲ್ಯಾಶ್ ಆರಿಸಿ. ನೀವು ಕಪ್ಪು ಬಟ್ಟೆಯೊಂದನ್ನು ಮುಂದೆ ಹಿಡಿದು, ಅದರಲ್ಲಿ ಲೆನ್ಸ್ ಮಾತ್ರ ಹೊರಗೆ ಕಾಣುವಷ್ಟು ತೂತು ಮಾಡಿ ತೆಗೆದರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಬೀಳುವುದಿಲ್ಲ. ಹತ್ತು ಸಲ ತೆಗೆಯಿರಿ, ಒಂದು ಚೆನ್ನಾಗಿ ಬರುತ್ತದೆ. ಆಮೇಲೆ ಗಾಜಿನ ಸಮೇತ ಫ್ರೇಮಿಗೆ ಸೇರಿಸಿ, ತೇವ ಇರದ ಗೋಡೆಯಲ್ಲಿ, ಬಿಸಿಲು ನೇರ ಬೀಳದ ಕಡೆ ಹಾಕಿ. ಬಿಡಿಸಲೇಬೇಕು ಅನ್ನಿಸಿದರೆ ಹಳೇ ಫೋಟೊಗಳನ್ನು ಸಂರಕ್ಷಣೆ ಮಾಡುವ ತರಬೇತಿ ಇದ್ದವರಿಗೆ ತೋರಿಸಿ, ಅದೂ ಒಳ್ಳೆಯ ಕಾಪಿ ಕೈಯಲ್ಲಿ ಇದ್ದ ಮೇಲೆ.

ಆದರೆ ಗೋಡೆಗೆ ಹಾಕುವ ಮೊದಲು ಆ ಫ್ರೇಮನ್ನು ಒಮ್ಮೆ ಅಜ್ಜಿಯ ಮಡಿಲಲ್ಲಿ ಇಡಿ. ಇಷ್ಟು ವರ್ಷ ಅವರು ಅದನ್ನು ದೂರದಿಂದ, ತಲೆ ಎತ್ತಿ ನೋಡಿರುತ್ತಾರೆ. ರೆಕಾರ್ಡರ್ ಆನ್ ಮಾಡಿ, ‘ನಂಬರ್ ಒಂದು’ ಅಂತ ಹೇಳಿ, ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ.